ಮಡಿ ಮೆಟ್ಟಿಲು

ವಾಷಿಂಗ್ಟನ್ನಿನ ಆ ಮನೆಯಲ್ಲಿ ಮೇಲಕ್ಕೆ ಹೋಗಲು ಎರಡು ದಾರಿಯಿತ್ತು. ಮುಂದಿನ ಮೆಟ್ಟಿಲು ಅಗಲ, ತಿರುವಿನಲ್ಲಿ ಬಣ್ಣದ ಗಾಜಿನ ಕಿಟಕಿ, ರೇಲಿಂಗಿಗೆ ಮುಖ ಕಾಣುವಷ್ಟು ಪಾಲಿಶ್. ಹಿಂದಿನದು ಅಡುಗೆಮನೆಯ ಮೂಲೆಯಲ್ಲಿ, ಬೀರುವಿನದೇನೋ ಅನ್ನಿಸುವ ಒಂದು ಬಾಗಿಲಿನ ಹಿಂದೆ ಅಡಗಿತ್ತು. ಹದಿನಾಲ್ಕೇ ಮೆಟ್ಟಿಲು, ಆದರೆ ಇಬ್ಬರು ಎದುರಾದರೆ ಒಬ್ಬರು ವಾಪಸು ಇಳಿಯಲೇಬೇಕು, ಅಷ್ಟು ಕಿರಿದು. ಎಂಟು ವರ್ಷಕ್ಕೆ ಮೈಸೂರಿನಿಂದ ಬಂದಿಳಿದ ನನಗೆ ಆ ಮನೆ ಇಷ್ಟವಾಗಿದ್ದು ಇದಕ್ಕೇ. ಮುಂದಿನಿಂದ ಹತ್ತು, ಮೇಲಿನ ಹಜಾರ ದಾಟು, ಹಿಂದಿನಿಂದ ಇಳಿ, ಅಡುಗೆಮನೆ, ಊಟದ ಕೋಣೆ ಹಾದು ಮತ್ತೆ ಮುಂದಕ್ಕೆ ಬಾ. ಎಲ್ಲೂ ನಿಲ್ಲಬೇಕಾಗಿಲ್ಲ. ಮೊದಲ ವಾರ ನಾನು ಊಟಕ್ಕೆ ಮಾತ್ರ ನಿಂತೆ ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ಅರವತ್ತು ದಾಟಿದ ಮೇಲೂ ಆ ಚಾಳಿ ಹೋಗಿಲ್ಲ. ಈ ಅಧ್ಯಾಯವನ್ನು ವರ್ಜೀನಿಯಾದ ಆಲ್ಡಿಯೆಂಬ ಊರಿನ ಮನೆಯಲ್ಲಿ ಬರೆಯುತ್ತಿದ್ದೇನೆ. ಒಂದು ಪ್ಯಾರಾ ಬರೆದರೆ ಎದ್ದು ಒಂದು ಸಲ ಮಹಡಿ ಹತ್ತಿಳಿಯುತ್ತೇನೆ. ಸೋಫಾದಲ್ಲಿ ಕೂತ ಮೊಮ್ಮಗಳು ತಲೆಯೆತ್ತದೆ ಕೇಳುತ್ತಾಳೆ:

"ಅಜ್ಜಿ, ಯಾಕೆ ಮತ್ತೆ ಮತ್ತೆ ಮೇಲೆ ಹೋಗೋದು? ಯು ಆರ್ ಮೇಕಿಂಗ್ ಮಿ ಡಿಜ್ಜಿ."

ಏನು ಹೇಳಲಿ? ಇಲ್ಲಿರುವುದು ಒಂದೇ ಮೆಟ್ಟಿಲು ಕಣೆ, ಸುತ್ತು ಪೂರ್ತಿಯಾಗುವುದಿಲ್ಲ ಎಂದೇ?

ನನ್ನ ಸುತ್ತು ನಿಲ್ಲಿಸಿದ್ದು ನಮ್ಮಜ್ಜಿ, ಅಪ್ಪನ ತಾಯಿ. ತಾತ ತೀರಿಕೊಂಡ ಮೇಲೆ ಅಪ್ಪ ಅವರನ್ನು ಕರೆಸಿಕೊಂಡರು. ವಿಮಾನದಲ್ಲಿ ಎರಡು ಬಾಳೆಹಣ್ಣು ಬಿಟ್ಟರೆ ಬೇರೇನೂ ಮುಟ್ಟದೆ ಬಂದ ಅಜ್ಜಿ, ಬಂದ ಮರುದಿನವೇ ಸೆರಗು ಸಿಕ್ಕಿಸಿಕೊಂಡು ಇಡೀ ಮನೆಯನ್ನು ಕೆಳಗಿನಿಂದ ಮೇಲಿನ ತನಕ ಪರೀಕ್ಷೆ ಮಾಡಿದರು. ಅಪ್ಪ ಹಿಂದೆಯೇ ನಡೆಯುತ್ತ ವಿವರಿಸುತ್ತಿದ್ದರು. ಇದು ಕಲ್ಲಿದ್ದಲು ಸುರಿಯುತ್ತಿದ್ದ ಕಿಂಡಿ, ಇದು ಕೆಲಸದವರನ್ನು ಕರೆಯುವ ಗಂಟೆ, ಇಂಥ ಮನೆಗಳಿಗೆ ಇಲ್ಲಿಯವರು ವಿಕ್ಟೋರಿಯನ್ ಅನ್ನುತ್ತಾರೆ, ರಾಣಿ ವಿಕ್ಟೋರಿಯಾ ಕಾಲದ್ದು ಅಂತ. ಅಜ್ಜಿಯ ಪೂಜೆಯ ತಟ್ಟೆಯಲ್ಲಿ ಲಕ್ಷ್ಮಿಯ ಪಕ್ಕ ಅದೇ ರಾಣಿಯ ಮುಖದ ಒಂದು ಸವೆದ ಬೆಳ್ಳಿ ರೂಪಾಯಿ ಇತ್ತು. ಅವರು ನಿಂತುಬಿಟ್ಟರು.

"ಇಲ್ಲೂ ಅವಳದೇ ದರ್ಬಾರೇನೋ?"

"ಇಲ್ಲಮ್ಮ, ಇಲ್ಲಿ ಅವಳ ಆಳ್ವಿಕೆ ಇರ್ಲಿಲ್ಲ. ಹೆಸರು ಮಾತ್ರ."

"ಆಳದೇ ಇದ್ರೂ ಮನೆ ಕಟ್ಸಿದಾಳೆ ನೋಡು, ಗಟ್ಟಿಗಿತ್ತಿ," ಎಂದರು ಅಜ್ಜಿ ಮೆಚ್ಚಿಕೆಯಿಂದ.

ಹಿಂದಿನ ಮೆಟ್ಟಿಲು ಕಂಡಾಗ ಅವರ ಮುಖ ಅರಳಿತು. ಅದರ ತುದಿಗೆ ಒಂದು ಪುಟ್ಟ ಕೋಣೆ, ಒಂದೇ ಕಿಟಕಿ, ಮಂಚ ಹಾಕಿದರೆ ಕಾಲಿಡಲು ಜಾಗವಿಲ್ಲ. ಕೋಣೆಯಿಂದ ನೇರ ಅಡುಗೆಮನೆಗೆ ಇಳಿಯಬಹುದು. ಚಪ್ಪಲಿ, ಕೋಟು, ಡಾಕ್ಟರಾಗಿದ್ದ ಅಪ್ಪನ ಆಸ್ಪತ್ರೆಯ ಬಟ್ಟೆ ಓಡಾಡುವ ಹಜಾರವನ್ನು ತುಳಿಯುವ ಅಗತ್ಯವೇ ಇಲ್ಲ. ಬೆಳಗಿನ ಸ್ನಾನ, ಒದ್ದೆ ಸೀರೆ, ಮೇಲೆ ದೇವರು, ಕೆಳಗೆ ಒಲೆ, ನಡುವೆ ಯಾರೂ ಮುಟ್ಟದ ಹದಿನಾಲ್ಕು ಮೆಟ್ಟಿಲು. ಮೈಸೂರಿನ ವಠಾರದಲ್ಲಿ ಜೀವಮಾನವಿಡೀ ಸಿಗದಿದ್ದ ಮಡಿ ಅವರಿಗೆ ಅಮೆರಿಕದಲ್ಲಿ ಸಿಕ್ಕಿತು. ಅಂದಿನಿಂದ ಅದು ಮಡಿ ಮೆಟ್ಟಿಲು. ಸ್ಕೂಲಿನ ಬಟ್ಟೆಯಲ್ಲಿ ನಾನು ಹತ್ತುವ ಹಾಗಿಲ್ಲ, ಅಪ್ಪ ಹತ್ತುವ ಹಾಗೇ ಇಲ್ಲ, ಅಮ್ಮನಿಗೆ ತಿಂಗಳಲ್ಲಿ ಮೂರು ದಿನ ಅಡುಗೆಮನೆಯ ಆ ಮೂಲೆಗೂ ಪ್ರವೇಶವಿಲ್ಲ. ಅಮ್ಮ ಪಾತ್ರೆ ಕುಕ್ಕಿ ಪ್ರತಿಭಟಿಸುತ್ತಿದ್ದಳು. ಪಾತ್ರೆ ಸೊಟ್ಟಗಾಯಿತೇ ಹೊರತು ಅಜ್ಜಿ ಬಗ್ಗಲಿಲ್ಲ. ಅಜ್ಜಿ ಕೆಟ್ಟವರಾಗಿದ್ದರು ಎಂದು ತಿಳಿಯಬೇಡಿ. ನನಗೆ ಜ್ವರ ಬಂದರೆ ಮಡಿಗಿಡಿ ಬಿಸಾಕಿ ಇಡೀ ದಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದವರು ಅವರೇ. ಅವರ ಸಾರಿನ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಅದಕ್ಕೇ ಇದನ್ನು ಬರೆಯುವುದು ಕಷ್ಟ.

ಸುತ್ತು ತಪ್ಪಿದ ಮೇಲೆ ನಾನು ಓಡಿದ್ದು ಹಿತ್ತಿಲ ಗೇಟಿಗೆ. ಗೇಟಿನಾಚೆ ಓಣಿ, ಓಣಿಯಲ್ಲಿ ಉಳಿದಿದ್ದ ಒಂದೇ ಒಂದು ಎರಡು ಕೋಣೆಯ ಇಟ್ಟಿಗೆ ಮನೆ, ಅದರ ಮುಂದೆ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತಿದ್ದ ಮಿಸ್ ಅರ್ಲೀನ್. ಎಪ್ಪತ್ತರ ಕಪ್ಪು ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ದುಡಿದು ರಿಟೈರ್ ಆದವರು. ನನ್ನ ಇಂಗ್ಲಿಷ್ ತರಗತಿಯಲ್ಲಿ ಬಂದದ್ದಲ್ಲ. ಅವರ ಕುರ್ಚಿಯ ಪಕ್ಕದಲ್ಲಿ ಬಂದದ್ದು. ಒಂದು ಬಟಾಣಿಗೆ ಒಂದು ಪದ ಎಂದು ಅವರೇ ಮಾಡಿದ ನಿಯಮ. ಅವರ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ತಲೆಯಲ್ಲಿ ಅವು ಉಳಿದಿರುವುದೂ ಹಾಗೆಯೇ. ಅವರ ಅಜ್ಜಿ ಗುಲಾಮಗಿರಿ ಮುಗಿದ ಹೊಸದರಲ್ಲಿ, ಇನ್ನೂ ಹುಡುಗಿಯಾಗಿದ್ದಾಗ, ನಡೆದುಕೊಂಡು ಈ ಊರಿಗೆ ಬಂದವರಂತೆ.

"ಆಗ ರಾಜಧಾನಿ ಅಂದ್ರೆ ಬರೀ ಕೆಸರು ಕಣಮ್ಮ. ಊರ ಮಧ್ಯ ಒಂದು ಕಾಲುವೆ, ಸತ್ತ ನಾಯಿ ಬೆಕ್ಕೆಲ್ಲ ಅದಕ್ಕೇ. ಆಮೇಲೆ ಅದನ್ನ ಮುಚ್ಚಿ ರಸ್ತೆ ಮಾಡಿದ್ರು. ದೊಡ್ಡ ಸ್ತಂಭ ಇದೆಯಲ್ಲ, ಅದು ಮೋಟು ಮರದ ಹಾಗೆ ಅರ್ಧಕ್ಕೇ ನಿಂತಿತ್ತು, ಸುತ್ತ ದನ ಮೇಯ್ತಿದ್ವು."

ನಾನು ನಂಬಲಿಲ್ಲ. ಭಾನುವಾರ ಅಪ್ಪನನ್ನು ಪೀಡಿಸಿ ಆ ವಾಷಿಂಗ್ಟನ್ ಸ್ಮಾರಕ ಸ್ತಂಭದ ಹತ್ತಿರ ಹೋದೆ. ಅವರು ಹೇಳಿದ್ದು ನಿಜ; ಕೆಳಗಿನ ಕಲ್ಲಿನ ಬಣ್ಣವೇ ಬೇರೆ, ಮೇಲಿನದೇ ಬೇರೆ, ಎಲ್ಲಿ ನಿಲ್ಲಿಸಿದ್ದರು ಎಂದು ಮಗುವೂ ಬೆರಳಿಟ್ಟು ತೋರಿಸಬಹುದು. ರಸ್ತೆಗೆ ಮರದ ತುಂಡು ಹಾಸಿದ್ದು, ಅದು ಕೊಳೆತು ನಾರಿದ್ದು, ಸಾಲು ಸಾಲಾಗಿ ಗಿಡ ನೆಟ್ಟದ್ದು, ಮುಂದಿನ ಬೀದಿಗೆ ಗ್ಯಾಸ್ ದೀಪ ಬಂದದ್ದು, ಹಿಂದಿನ ಓಣಿಯಲ್ಲಿ ಅಷ್ಟೂ ಸಂಸಾರಕ್ಕೆ ಒಂದೇ ಪಂಪು ಇದ್ದದ್ದು, ಎಲ್ಲವನ್ನೂ ಮಿಸ್ ಅರ್ಲೀನ್ ತಾವೇ ಕಂಡವರಂತೆ ಹೇಳುತ್ತಿದ್ದರು. ಪಠ್ಯಪುಸ್ತಕದಲ್ಲಿ ಆ ಕಾಲದ ರಾಜಧಾನಿಯೆಂದರೆ ಗಡ್ಡದ ಗಂಡಸರು ಮತ್ತು ಅಮೃತಶಿಲೆ. ಅವರ ಬಾಯಲ್ಲಿ ಅದು ನಮ್ಮ ಮನೆಯ ಅಡುಗೆಕೋಣೆ. ಯಾಕೆಂದರೆ ಅವರ ಅಜ್ಜಿ ನಲವತ್ತು ವರ್ಷ ದುಡಿದದ್ದು ನಮ್ಮದೇ ಮನೆಯಲ್ಲಿ. ಕಲ್ಲಿದ್ದಲು, ಬಿಸಿನೀರು ಹೊತ್ತು ಹತ್ತುವುದು, ಬೂದಿ, ಮಲದ ಪಾತ್ರೆ ಹೊತ್ತು ಇಳಿಯುವುದು, ಮನೆಯವರ ಕಣ್ಣಿಗೆ ಬೀಳದ ಹಾಗೆ. ಹಿಂದಿನ ಮೆಟ್ಟಿಲು ಕಟ್ಟಿದ್ದೇ ಅದಕ್ಕೆ. ವಾರವಿಡೀ ಅವರು ಮಲಗುತ್ತಿದ್ದದ್ದು ಮೆಟ್ಟಿಲ ತುದಿಯ ಪುಟ್ಟ ಕೋಣೆಯಲ್ಲಿ.

"ನಾನು ಹುಟ್ಟಿದ್ದು ಇದೇ ಓಣೀಲಿ. ನಿಮ್ಮನೆ ಹಿಂಬಾಗಿಲು ದಿನಾ ನೋಡ್ತೀನಿ. ಒಳಗೆ ಕಾಲಿಟ್ಟಿಲ್ಲ. ನಮ್ಮಜ್ಜಿ ಆ ಕೋಣೆ ಕಿಟಕಿಯಿಂದ ನಮ್ಮಮ್ಮ ಆಡೋದನ್ನ ನೋಡ್ತಿದ್ರಂತೆ, ಕೆಳಗೆ ಇಳಿದು ಬರೋಕೆ ಬಿಡುವಿರ್ತಿರ್ಲಿಲ್ಲ. ಆ ಕಿಟಕಿಯಿಂದ ಒಂದ್ಸಲ ನೋಡ್ಬೇಕು ಅಂತ ಆಸೆ. ನಿಮ್ಮಮ್ಮನ್ನ ಕೇಳ್ತೀಯಾ?"

ಕೇಳಿದೆ. ಅಮ್ಮ "ಬರ್ಲಿ, ಅದಕ್ಕೇನಂತೆ" ಅಂದಳು. ಅಜ್ಜಿಗೆ ಹೇಳಲಿಲ್ಲ. ಹೇಳಬೇಕು ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಇಲ್ಲ. ಯಾಕೆ ಹೊಳೆಯಲಿಲ್ಲ ಎಂದರೆ ಹಿಂದಿನ ತಿಂಗಳಷ್ಟೇ ಆಸ್ಪತ್ರೆಯಲ್ಲಿ ಅಪ್ಪನ ಮೇಲಧಿಕಾರಿಯಾಗಿದ್ದ ಡಾಕ್ಟರ ಹೆಂಡತಿ ಬಂದಿದ್ದಳು. ಬಿಳಿಯ ಹೆಂಗಸು, ಕೆಂಪು ಕೋಟು. ನಿಮ್ಮ ದೇವರನ್ನು ನೋಡಬಹುದೇ ಎಂದಳು. ಬೂಟು ಬಿಚ್ಚಿ ಕಾಲುಚೀಲದಲ್ಲೇ ಮಡಿ ಮೆಟ್ಟಿಲು ಹತ್ತಿದಳು. ಅಜ್ಜಿ ಪಕ್ಕಕ್ಕೆ ಸರಿದು ನಗುತ್ತ ದಾರಿ ಬಿಟ್ಟರು, ಅಮ್ಮನಿಂದ ಕುಂಕುಮ ಕೊಡಿಸಿದರು, "ಮಹಾಲಕ್ಷ್ಮಿ ಥರ ಇದಾಳೆ" ಎಂದರು. ಅವಳು ಹೋದ ಮೇಲೆ ಒಂದು ಉದ್ಧರಣೆ ನೀರು ಚಿಮುಕಿಸಿದರು. ಅಷ್ಟೇ, ಮುಗಿಯಿತು.

ಶನಿವಾರ ಬೆಳಿಗ್ಗೆ ಮಿಸ್ ಅರ್ಲೀನ್ ಬಂದರು. ಚರ್ಚಿಗೆ ಹಾಕುವ ನೀಲಿ ಹ್ಯಾಟು, ಬಿಳಿಯ ಕೈಗವಸು, ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಕೇಕು. ಐವತ್ತು ಹೆಜ್ಜೆ ದೂರದ ಮನೆಗೆ ಇಷ್ಟು ಸಿಂಗಾರವೇ ಎಂದು ನನಗೆ ನಗು ಬಂತು. ಅಡುಗೆಮನೆಯ ಮಧ್ಯೆ ನಿಂತು ಸುತ್ತಲೂ ನೋಡಿದರು, ಒಲೆಯ ಜಾಗ, ಗಂಟೆಯ ಜಾಗ. ಆಮೇಲೆ ಆ ಬಾಗಿಲು ತಾವೇ ಗುರುತಿಸಿದರು. ನಾನು ಓಡಿಹೋಗಿ ತೆಗೆದೆ. ಮೇಲಿನಿಂದ ನೈವೇದ್ಯದ ಪಾತ್ರೆ ಹಿಡಿದು ಇಳಿಯುತ್ತಿದ್ದ ಅಜ್ಜಿ ಮೂರನೆಯ ಮೆಟ್ಟಿಲಲ್ಲಿ ನಿಂತರು. ಯಾರು, ಏನು ಎಂದು ಕೇಳಿದರು. ಓಣಿಯವರು, ಅವರಜ್ಜಿ ಈ ಮನೆಯಲ್ಲಿ ಕೆಲಸಕ್ಕಿದ್ದರು, ಮೇಲಿನ ಕೋಣೆ ನೋಡಬೇಕಂತೆ ಎಂದೆ, ಖುಷಿಯಿಂದ. ಅಜ್ಜಿ ಪಾತ್ರೆ ಸೊಂಟಕ್ಕಿಟ್ಟು ಇನ್ನೊಂದು ಕೈಯನ್ನು ಗೋಡೆಗೆ ಅಡ್ಡ ಹಿಡಿದರು.

"ಚೆನ್ನಾಗಿದೆ! ಕೆಲಸದೋಳ ಮೊಮ್ಮಗಳು ನನ್ನ ದೇವರ ಮನೆಗಾ? ಅವಳ ಕಾಲು ಬಿದ್ರೆ ಮೆಟ್ಟಿಲೂ ಮೈಲಿಗೆ, ದೇವರೂ ಮೈಲಿಗೆ. ಆಗಲ್ಲ ಅಂತ ಹೇಳು ಅವಳಿಗೆ. ಇದ್ದಿದ್ದು ಇದ್ದ ಹಾಗೇ ಹೇಳು."

ಮಿಸ್ ಅರ್ಲೀನ್ ನನ್ನ ಮುಖ ನೋಡಿದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟಳು. ಮಾತೆಲ್ಲ ನನ್ನ ಮೇಲೆ ಬಿತ್ತು. ಅವರೇ ಕಲಿಸಿದ ಇಂಗ್ಲಿಷಿನಲ್ಲಿ ಅವರಿಗೇ ಹೇಳಿದೆ:

"ಮೆಟ್ಟಿಲಿನ ಮರ ಲಡ್ಡಾಗಿದೆಯಂತೆ. ಮುರಿದುಬಿಡುತ್ತೆ. ನೀವು ಬಿದ್ದರೆ ಅಂತ ಅಜ್ಜಿಗೆ ಭಯ."

"ಅಯ್ಯೋ ದೇವರೇ! ಮತ್ತೆ ಅವರು ದಿನಾ ಹೇಗೆ ಹತ್ತಿಳೀತಾರೆ? ಈ ವಯಸ್ಸಲ್ಲಿ? ಹುಷಾರಾಗಿರೋಕೆ ಹೇಳು ಮಗು, ರೇಲಿಂಗ್ ಹಿಡ್ಕೊಂಡೇ ಇಳೀಬೇಕು ಅಂತ ಹೇಳು."

ಕೈಗವಸು ತೆಗೆದು ರೇಲಿಂಗಿನ ತುದಿಯನ್ನು ಒಂದು ಗಳಿಗೆ ಹಿಡಿದುಕೊಂಡರು. ಕೇಕು ಮೇಜಿನ ಮೇಲಿಟ್ಟು, ಅಜ್ಜಿಗೆ ತಲೆ ಬಾಗಿಸಿ ಹೋದರು.

"ಏನಂದ್ಲು?" ಅಜ್ಜಿ ಕೇಳಿದರು.

"ಆಯ್ತು ಅಂದ್ರು," ಎಂದೆ. ಒಂದೇ ನಿಮಿಷದಲ್ಲಿ ಎರಡು ಸುಳ್ಳು, ಎರಡು ಭಾಷೆಯಲ್ಲಿ.

ಮೊಟ್ಟೆ ಹಾಕಿದ ಕೇಕು ಒಳಗಿರುವಂತಿರಲಿಲ್ಲ. ಅಮ್ಮ ಅದನ್ನು ಹಿಂಬಾಗಿಲ ಜಗಲಿಯಲ್ಲಿಟ್ಟಳು. ನಾನು ನಿಂತೇ ಎರಡು ತುಂಡು ತಿಂದೆ, ಉಳಿದದ್ದು ಅಳಿಲಿಗೆ ಹೋಯಿತು. ಅವತ್ತು ಸಂಜೆ ಅಮ್ಮನಿಗೂ ಅಜ್ಜಿಗೂ ಜೋರು ಜಗಳವಾಯಿತು, ಕೇಕಿನ ಬಗ್ಗೆ. ಮೆಟ್ಟಿಲಿನ ಸುದ್ದಿ ಯಾರೂ ಎತ್ತಲಿಲ್ಲ. ಒಂದು ವಾರವೋ ಹತ್ತು ದಿನವೋ ಕಳೆದಿರಬೇಕು, ಹಿಂಬಾಗಿಲು ತಟ್ಟಿದ ಸದ್ದಾಯಿತು. ಎತ್ತರದ ಗಂಡಸು, ಕೈಯಲ್ಲಿ ಮರದ ಹತಾರದ ಪೆಟ್ಟಿಗೆ. ಅಮ್ಮನಿಗೆ ಆಗ ಇಂಗ್ಲಿಷ್ ಅಷ್ಟಕ್ಕಷ್ಟೆ, ಗುರುತಿಲ್ಲದ ಗಂಡಸೆಂದರೆ ಹೆದರಿಕೆ ಬೇರೆ. ಸರಪಳಿ ತೆಗೆಯದೆ ಸಂದಿನಿಂದಲೇ "ನೋ ನೋ, ನೋ ವರ್ಕ್, ರಾಂಗ್ ಹೌಸ್" ಎಂದು ಬಾಗಿಲು ಹಾಕಿಬಿಟ್ಟಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವನು ಹ್ಯಾಟು ತೆಗೆದು ಸ್ವಲ್ಪ ಹೊತ್ತು ಅಲ್ಲೇ ನಿಂತ. ತಲೆಯೆತ್ತಿ ಮನೆಯನ್ನು ನೋಡಿದ, ಹೋದ. ನಾನು ಅವನನ್ನು ಮರೆತೆ. ಗೇಟಿಗೆ ಹೋಗುವುದನ್ನೂ ಬಿಟ್ಟೆ. ಮಿಸ್ ಅರ್ಲೀನ್ ಕುರ್ಚಿಯಿಂದ ಕೈಬೀಸಿದರೆ ಸ್ಕೂಲಿಗೆ ತಡವಾದವಳ ಹಾಗೆ ಓಡುತ್ತಿದ್ದೆ, ಭಾನುವಾರವೂ. ಎರಡು ವರ್ಷಕ್ಕೆ ನಾವು ವರ್ಜೀನಿಯಾಕ್ಕೆ ಬಂದೆವು. ಹೊರಡುವ ದಿನವೂ ಹೋಗಿ ಹೇಳಲಿಲ್ಲ.

ದೊಡ್ಡವಳಾಗಿ ನಾನು ಆರಿಸಿಕೊಂಡ ಕೆಲಸ ಏನು ಗೊತ್ತೇ? ಆಸ್ಪತ್ರೆಗಳಲ್ಲಿ ದುಭಾಷಿ. ನಗಬೇಡಿ. ನಮ್ಮ ಕಸುಬಿನ ನಿಯಮ ಚಿಕ್ಕದು: ಸೇರಿಸಬೇಡ, ಬಿಡಬೇಡ, ಬದಲಿಸಬೇಡ. ಇದನ್ನು ನಾನು ಕಲ್ಲಿನ ಹಾಗೆ ಪಾಲಿಸಿದ್ದೇನೆ, ಕೆಲವು ಸಲ ಕ್ರೂರವೆನಿಸುವಷ್ಟು. ಕೋವಿಡ್ ಕಾಲದಲ್ಲಿ ದೂರದ ಅಲ್ಫರೆಟಾ ಊರಿನ ಕಡೆಯ ಒಂದು ಆಸ್ಪತ್ರೆಯಲ್ಲಿದ್ದ ಮಂಡ್ಯದ ಅಜ್ಜರೊಬ್ಬರಿಗೆ ಸ್ಕ್ರೀನಿನ ಮೇಲೆ ಡಾಕ್ಟರ ಮಾತು ಹೇಳಬೇಕಿತ್ತು. ಅವರ ಮಗ ಇನ್ನೊಂದು ಚೌಕದಲ್ಲಿ ಕೈಮುಗಿದು "ಆಂಟಿ, ಸ್ವಲ್ಪ ಅಡ್ಜಸ್ಟ್ ಮಾಡಿ ಹೇಳಿ" ಎಂದ. ನಾನು ಮಾಡಲಿಲ್ಲ. ಅಜ್ಜ ಪೂರ್ತಿ ಕೇಳಿ, "ಇದ್ದಿದ್ದು ಇದ್ದಂಗೆ ಹೇಳಿದ್ರಲ್ಲ ತಾಯಿ, ಒಳ್ಳೇದಾಯ್ತು," ಎಂದರು. ಕಂಪ್ಯೂಟರ್ ಮುಚ್ಚಿ ಆಲ್ಡಿಯ ಖಾಲಿ ರಸ್ತೆಗಳಲ್ಲಿ ಸುತ್ತಿದೆ, ಕಾಲು ನೋಯುವ ತನಕ. ನಮ್ಮಜ್ಜಿ ಅವತ್ತು ಮೆಟ್ಟಿಲ ಮೇಲೆ ನಿಂತು ಅಂದ ಮಾತೇ ಅದು.

ಮಾಸ್ಕುಗಳು ಕಳಚಿದ ಮೇಲೆ ಒಂದು ಮೇಲ್ ಬಂತು. ಆ ಮನೆಯ ಈಗಿನ ಯಜಮಾನ, ಪೀಟರ್ ಎಂಬ ಯುವಕ, ಮನೆಯ ಚರಿತ್ರೆ ಬರೆಯುತ್ತಿದ್ದ. ವಿಕ್ಟೋರಿಯನ್ ಕಾಲದ ರಾಜಧಾನಿಯ ಮನೆಗಳ ಮುಂದೆ ಈಗ ಅಂಥ ಫಲಕ ಹಾಕುತ್ತಾರೆ. ಓಣಿಯವರ ಕಡೆಯಿಂದ ಮಿಸ್ ಅರ್ಲೀನರ ತಮ್ಮನ ಮಗಳು ಡೆಲೋರಿಸ್ ಡರ್ಹಮ್‌ನಿಂದ ಬರುತ್ತಾಳೆ, ನೀವೂ ಬನ್ನಿ ಎಂದಿದ್ದ. ಜೊತೆಗೆ ಫಲಕದ ಕರಡು ಕಳಿಸಿದ್ದ. ಅದರಲ್ಲಿ ಒಂದು ಸಾಲು: ಸೇವಕರು ಬಳಸುತ್ತಿದ್ದ ಹಿಂದಿನ ಮೆಟ್ಟಿಲು ಕಾಲಕ್ರಮೇಣ ಲಡ್ಡಾಗಿ ಬಳಕೆ ತಪ್ಪಿತು ಎಂದು ಓಣಿಯ ಹಿರಿಯ ನಿವಾಸಿಯೊಬ್ಬರು ನೆನೆದಿದ್ದಾರೆ. ಮೈ ಉರಿದುಹೋಯಿತು. ಎಂಟು ವರ್ಷದವಳು ಬಾಯಿಗೆ ಬಂದದ್ದು ಒದರಿದ್ದು ಇನ್ನು ಹಿತ್ತಾಳೆಯ ಅಕ್ಷರದಲ್ಲಿ ಚರಿತ್ರೆಯಾಗಿ ಮೊಳೆ ಹೊಡೆಸಿಕೊಳ್ಳಲಿದೆ! ಅಮ್ಮನಿಗೆ ಓದಿ ಹೇಳಿದೆ. ಅವಳಿಗೆ ತೊಂಬತ್ತರ ಹತ್ತಿರ, ಕಿವಿ ಚುರುಕು, ನಾಲಗೆ ಇನ್ನೂ ಚುರುಕು.

"ಹಾಕ್ಕೊಳ್ಲಿ ಬಿಡೇ. ಸತ್ತೋರ ಮರ್ಯಾದೆ ಬೀದೀಲಿ ಹರಾಜು ಹಾಕ್ತೀಯಾ? ಮಡಿ ಅಂದ್ರೆ ಮಡಿ. ನನಗೂ ಇತ್ತು, ನಿಮ್ಮಪ್ಪನಿಗೂ ಇತ್ತು."

"ಡಾಕ್ಟರ್ ಹೆಂಡತಿಗೆ ಇತ್ತಾ ಅಮ್ಮ?"

ಅಮ್ಮ ಎರಡು ದಿನ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ಕಾರಿನ ಕೀ ಹಿಡಿದು ಹೊರಟಾಗ ರೂಮಿನಿಂದ ಕೂಗಿದಳು:

"ವತ್ಸು! ಹೇಳೋದಾದ್ರೆ ಪೂರ್ತಿ ಹೇಳು. ನಾನೂ ಅಲ್ಲೇ ಇದ್ದೆ, ನಲ್ಲಿ ಬಿಟ್ಕೊಂಡು ನಿಂತಿದ್ದೆ ಅಂತ್ಲೂ ಹೇಳು."

ಪೀಟರ್ ಅಡುಗೆಮನೆಯನ್ನು ಗುರುತು ಸಿಗದಂತೆ ಬದಲಾಯಿಸಿದ್ದ. ಆದರೆ ಮೂಲೆಯ ಬಾಗಿಲು ಇತ್ತು, ಹಿಂದೆ ಹದಿನಾಲ್ಕು ಮೆಟ್ಟಿಲೂ ಇದ್ದವು. ಅವನು ಅಲ್ಲಿ ಪೊರಕೆ, ಡಬ್ಬ ಇಟ್ಟುಕೊಂಡಿದ್ದ. ಡೆಲೋರಿಸ್ ನನ್ನಷ್ಟೇ ವಯಸ್ಸಿನವಳು, ಎತ್ತರದ ಹೆಂಗಸು, ಮಂಡಿ ನೋವಿಗೆ ಕೋಲು. ಬಾಗಿಲ ಬಳಿಯೇ ನಿಂತಳು. ನಾನೋ, ನನ್ನ ಅವಸರ ನಿಮಗೆ ಗೊತ್ತಲ್ಲ, ಡಬ್ಬ ಸರಿಸಿ ಆಗಲೇ ಹತ್ತಿ ನಿಂತಿದ್ದೆ.

"ಜೋಪಾನ," ಎಂದಳು. "ಆ ಮೆಟ್ಟಿಲು ಸರಿಯಿಲ್ಲ ಅಂತ ನಮ್ಮತ್ತೆ ಸಾಯೋವರೆಗೂ ಹೇಳ್ತಿದ್ರು. ಇಲ್ಲಿದ್ದ ಇಂಡಿಯನ್ ಅಜ್ಜಿ ಯಾವತ್ತು ಬೀಳ್ತಾರೋ ಅಂತ ಅವರಿಗೆ ನಿದ್ದೆ ಬರ್ತಿರ್ಲಿಲ್ಲವಂತೆ. ನಮ್ಮಪ್ಪ ಬಡಗಿ. ಹೋಗಿ ಸರಿಮಾಡಿ ಕೊಟ್ಟು ಬಾ ಅಂತ ಕಳಿಸಿದ್ರು. ಅಪ್ಪ ಹತಾರ ತಗೊಂಡು ಬಂದ್ರೆ ಬಾಗಿಲೇ ತೆಗೀಲಿಲ್ಲವಂತೆ."

ಹ್ಯಾಟು ತೆಗೆದು ನಿಂತಿದ್ದ ಗಂಡಸು. ಐವತ್ತು ವರ್ಷದ ಮೇಲೆ ನನಗೆ ಅವನ ಪರಿಚಯವಾಯಿತು. ಮಿಸ್ ಅರ್ಲೀನ್ ನನ್ನ ಸುಳ್ಳನ್ನು ಹಿಡಿದಿರಬಹುದು, ಮಗುವೆಂದು ಕ್ಷಮಿಸಿರಬಹುದು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಅವರು ನಂಬಿದ್ದರು. ನಂಬಿ, ತಮ್ಮನ್ನು ಮೈಲಿಗೆ ಎಂದವರ ಕಾಲು ಉಳುಕದಿರಲೆಂದು ಬಡಗಿ ತಮ್ಮನನ್ನು ಕಳಿಸಿದ್ದರು. ನಾಚಿಕೆಯಾಯಿತು. ಆದರೂ ಹೇಳಿದೆ. ಮೊದಲು ಅಜ್ಜಿಯ ಮಾತನ್ನು ಕನ್ನಡದಲ್ಲಿ, ಅವರು ಅಂದ ಹಾಗೆಯೇ. ಆಮೇಲೆ ಇಂಗ್ಲಿಷಿನಲ್ಲಿ, ಕೆಲಸದೋಳ ಮೊಮ್ಮಗಳು ಎಂಬುದನ್ನೂ ಬಿಡದೆ, ಮೈಲಿಗೆ ಎಂದರೇನೆಂದು ಬಿಡಿಸಿ. ಆಮೇಲೆ ನಾನು ಹೇಳಿದ ಸುಳ್ಳು. ಆಮೇಲೆ ಕೆಂಪು ಕೋಟಿನವಳು ಹತ್ತಿದ್ದು. ನಲ್ಲಿಯ ಸದ್ದು, ಅಳಿಲು ತಿಂದ ಕೇಕು. ಸೇರಿಸಲಿಲ್ಲ, ಬಿಡಲಿಲ್ಲ, ಬದಲಿಸಲಿಲ್ಲ. ಪೀಟರ್ ಫಲಕದ ಕರಡನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಡೆಲೋರಿಸ್ ಬಗ್ಗಿ ಮೊದಲ ಮೆಟ್ಟಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದಳು, ಕಿವಿಗೊಟ್ಟಳು. ಎರಡನೆಯದನ್ನೂ ತಟ್ಟಿದಳು. ಬಡಗಿಯ ಮಗಳು.

"ಗಟ್ಟಿಯಾಗಿದೆ," ಎಂದಳು.

ಕ್ಷಮಿಸಿ ಎನ್ನಲು ನಾನು ಬಾಯಿ ತೆರೆದೆ. ಅವಳು ಕೋಲನ್ನು ಗೋಡೆಗೆ ಒರಗಿಸಿ ರೇಲಿಂಗಿನ ತುದಿ ಹಿಡಿದುಕೊಂಡಿದ್ದಳು, ಅವಳತ್ತೆ ಹಿಡಿದಿದ್ದ ಜಾಗದಲ್ಲೇ.

"ಕೇಳಿಸ್ಕೊಂಡೆ. ಅದರ ಬಗ್ಗೆ ಆಮೇಲೆ ಮಾತಾಡೋಣ. ಈಗ ದಾರಿ ಬಿಡಿ."

ಆಗ ನೋಡಿಕೊಂಡೆ. ನಾನು ನಿಂತಿದ್ದದ್ದು ಮೂರನೆಯ ಮೆಟ್ಟಿಲಿನಲ್ಲಿ, ಒಂದು ಕೈ ಗೋಡೆಗೆ ಅಡ್ಡ ಹಿಡಿದು. ಕೈ ತೆಗೆದೆ. ಇಬ್ಬರು ಎದುರಾದರೆ ಒಬ್ಬರು ಇಳಿಯಲೇಬೇಕಾದ ಮೆಟ್ಟಿಲು ಅದು. ನಾನು ಇಳಿದು ಪಕ್ಕಕ್ಕೆ ನಿಂತೆ. ಅವಳು ಒಂದೊಂದೇ ಮೆಟ್ಟಿಲಿಗೆ ನಿಂತು, ಉಸಿರು ತೆಗೆದುಕೊಂಡು, ಕಿಟಕಿಯ ಕಡೆಗೆ ಹತ್ತಿ ಹೋದಳು.